ಬ್ರೇಕಿನ ಕೀರಲು ದನಿ

ಮತ್ತೊಬ್ಬರು ಓಡಿಸಿ ಸವೆಸಿದ ಮೋಟಾರು ಕಾರನ್ನು ಕೊಳ್ಳುವುದೂ ಹಳೆಯ ಮನೆಯನ್ನು ಕೊಳ್ಳುವುದೂ ಹೆಚ್ಚು ಕಡಮೆ ಒಂದೇ ಬಗೆಯ ವ್ಯವಹಾರ. ಗೋಡೆಗೆ ಬಳಿದ ಸುಣ್ಣ ಕಣ್ಣಿಗೆ ಬೀಳುತ್ತದೆ. ತೊಲೆಯೊಳಗಿನ ಗೆದ್ದಲು ಗೃಹಪ್ರವೇಶವಾದ ಮೇಲೆ ತಿಳಿಯತಕ್ಕದ್ದು. ಬಹುಕಾಲ ಹೈಸ್ಕೂಲಿನಲ್ಲಿ ಕನ್ನಡ ಪಾಠ ಹೇಳಿದ ನನಗೆ ಸಂಧಿ ಸಮಾಸಗಳ ದೋಷ ಥಟ್ಟನೆ ಗೋಚರಿಸೀತೇ ಹೊರತು ಯಂತ್ರದ ದೋಷ ಗೋಚರಿಸುವ ಸಂಭವವಿಲ್ಲ. ಹದಿನೈದು ವರ್ಷ ಬಾಳಿದ ಒಂದು ಸಣ್ಣ ಕಾರನ್ನು ನಾನು ಕೊಂಡಾಗ ಅದರ ಮುಂದಿನ ಎಡಗಾಲಿಯಿಂದ ಸಣ್ಣದೊಂದು ಕೀರಲು ದನಿ ಬರುತ್ತಿದ್ದಿತು. “ಬರೀ ಧೂಳು ಸಾರ್, ಒಂದು ಮಳೆ ಬಿದ್ದರೆ ಹೋಗುತ್ತೆ” ಎಂದರು ಮಾರಿದವರು. ನಾನು ನಂಬಿದೆ. ಪಕ್ಕದ ಮನೆಯವರು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, “ಬಾವಿಯ ರಾಟೆ ಕಿರುಗುಟ್ಟಿದರೆ ಏನು ಮಾಡುತ್ತೇವೆ? ನಾಲ್ಕು ತೊಟ್ಟು ಎಣ್ಣೆ ಬಿಡಿ ಮೇಷ್ಟ್ರೇ” ಎಂದು ಸಲಹೆ ಕೊಟ್ಟರು. ದೈವಯೋಗದಿಂದ ಆ ಮಾತನ್ನು ಮಾತ್ರ ನಾನು ನಡೆಸಲಿಲ್ಲ.

ಎರಡು ತಿಂಗಳು ಕಳೆದುವು. ಮಳೆಯೂ ಬಂದಿತು, ದನಿ ಹೋಗಲಿಲ್ಲ. ಕಿವಿಗೆ ಅದು ಅಭ್ಯಾಸವಾಯಿತು ಅಷ್ಟೆ. ದಸರೆಯ ರಜೆಯಲ್ಲಿ ಹೆಂಡತಿ, ಮಗಳು, ಎಂಬತ್ತು ದಾಟಿದ ತಾಯಿ ಇವರನ್ನು ಕೂರಿಸಿಕೊಂಡು ಆಗುಂಬೆ ಘಾಟಿಯನ್ನು ಇಳಿಯುತ್ತಿದ್ದೆ. ಅಲ್ಲಿ ಹದಿನಾಲ್ಕು ಹಿಮ್ಮುರಿ ತಿರುವುಗಳಿವೆಯಷ್ಟೆ. ನಾಲ್ಕೈದು ತಿರುವು ಮುಗಿಯುವ ವೇಳೆಗೆ ಕೀರಲು ದನಿ ಇದ್ದಕ್ಕಿದ್ದಂತೆ ನಿಂತುಹೋಯಿತು. ಅದರ ಸ್ಥಾನದಲ್ಲಿ ಕಬ್ಬಿಣದ ಮೇಲೆ ಕಬ್ಬಿಣವಿಟ್ಟು ಅರೆದಂತೆ ಗರಗರ ಶಬ್ದ ಹೊರಟಿತು. ಬ್ರೇಕು ಒತ್ತಿದರೆ ಕಾರು ಬಲಕ್ಕೆ, ಎಂದರೆ ಎದುರು ಬರುವ ಬಸ್ಸುಗಳ ಕಡೆಗೆ, ಎಳೆಯತೊಡಗಿತು. ಮೊದಲನೆಯ ಗೇರಿನಲ್ಲಿ, ಕೈಬ್ರೇಕನ್ನು ಮೆಲ್ಲಮೆಲ್ಲನೆ ಎತ್ತುತ್ತ ಇಳಿಸುತ್ತ, ಸೋಮೇಶ್ವರ ತಲಪುವವರೆಗೆ ನಾವು ನಾಲ್ವರೂ ಒಂದು ಮಾತನ್ನೂ ಆಡಲಿಲ್ಲ. ಇಳಿದು ನೋಡಿದರೆ ಎಡಗಾಲಿಯ ಹತ್ತಿರ ಕೈ ಒಡ್ಡಲಾಗದಷ್ಟು ಬಿಸಿ, ಸುಟ್ಟ ವಾಸನೆ. ತಾಯಿ ಆಗ ಕೇಳಿದ್ದು ಒಂದೇ ಮಾತು: “ಅದು ಇಷ್ಟು ದಿನ ಕೂಗ್ತಾ ಇತ್ತಲ್ಲೋ, ನೀನು ಯಾಕೆ ಕೇಳಲಿಲ್ಲ?”

ಆ ಪ್ರಶ್ನೆಗೆ ಉತ್ತರ ಹುಡುಕುತ್ತ ನಾನು ಬ್ರೇಕಿನ ಚರಿತ್ರೆಯನ್ನೇ ಓದಬೇಕಾಯಿತು. ಗಾಲಿಯನ್ನು ಉರುಳಿಸಿದವರ ಕೀರ್ತಿಯನ್ನು ಹಾಡುವವರು ಬಹಳ. ಅದನ್ನು ನಿಲ್ಲಿಸಿದವರ ಕಥೆ ಹೇಳುವವರು ಕಡಮೆ. ವಾಚಕರ ಮನೆಯಲ್ಲೂ ಕಾರೋ ಸ್ಕೂಟರೋ ಇದ್ದೇ ಇರುವ ಕಾಲವಿದು. ಆದುದರಿಂದ ಈ ಕಥೆ ತಮಗೂ ಉಪಯೋಗಕ್ಕೆ ಬಂದೀತು.

ಎತ್ತಿನ ಗಾಡಿಯನ್ನು ಒಮ್ಮೆ ನೆನೆಸಿಕೊಳ್ಳಿ. ಇಳಿಜಾರಿನಲ್ಲಿ ಗಾಡಿ ಮುನ್ನುಗ್ಗಿದಾಗ ಅದನ್ನು ತಡೆಯುವವರು ಯಾರು? ಗಾಲಿಗೆ ಅಡ್ಡವಾಗಿ ಹಗ್ಗದಿಂದ ಬಿಗಿದ ಮರದ ತುಂಡು ಸ್ವಲ್ಪ ತಡೆಯುತ್ತದೆ ನಿಜ. ಆದರೆ ಮುಖ್ಯವಾದ ಬ್ರೇಕು ಎತ್ತೇ. ಅದು ಕುತ್ತಿಗೆಯನ್ನು ಹಿಂದಕ್ಕೆ ಕೊಟ್ಟು, ಗೊರಸನ್ನು ನೆಲಕ್ಕೆ ಊರಿ, ಭಾರವನ್ನು ತನ್ನ ಮೈಮೇಲೆ ತೆಗೆದುಕೊಳ್ಳುತ್ತದೆ. ಎಳೆಯುವ ಪ್ರಾಣಿಯೇ ತಡೆಯುವ ಪ್ರಾಣಿಯೂ ಹೌದು. ಕುದುರೆಯನ್ನು ಬಿಚ್ಚಿ ಅದರ ಸ್ಥಳದಲ್ಲಿ ಯಂತ್ರವನ್ನು ಕೂರಿಸಿದ ಮಹನೀಯರು ಎಳೆಯುವ ಕೆಲಸವನ್ನು ಕುರಿತು ಯೋಚಿಸಿದಷ್ಟು ತಡೆಯುವ ಕೆಲಸವನ್ನು ಕುರಿತು ಯೋಚಿಸಲಿಲ್ಲವೆಂದೇ ತೋರುತ್ತದೆ.

ಜರ್ಮನಿಯ ಕಾರ್ಲ್ ಬೆಂಜ್ ತನ್ನ ಮೂರು ಗಾಲಿಯ ಮೋಟಾರು ಗಾಡಿಗೆ 1886ರ ಜನವರಿ 29ರಂದು ಪೇಟೆಂಟು ಬೇಡಿದನು. ಗಾಡಿಯನ್ನು ಮಾಡಿದವನು ಆತ. ಅದನ್ನು ದೂರದ ದಾರಿಗೆ ಹೊರಡಿಸಿದವಳು ಆತನ ಹೆಂಡತಿ ಬರ್ಥಾ. 1888ರ ಆಗಸ್ಟಿನಲ್ಲಿ ಆಕೆ ಗಂಡನಿಗೆ ಹೇಳದೆ, ಇಬ್ಬರು ಗಂಡುಮಕ್ಕಳನ್ನು ಕರೆದುಕೊಂಡು, ಮಾನ್‌ಹೈಮ್ ಊರಿನಿಂದ ಫೋರ್ಟ್ಸ್‌ಹೈಮಿನ ತನ್ನ ತಾಯಿಯ ಮನೆಗೆ ಹೊರಟುಬಿಟ್ಟಳು. ದೂರ ನೂರು ಕಿಲೋಮೀಟರಿಗೂ ಮೇಲು. ಏರಿನಲ್ಲಿ ಹುಡುಗರು ಇಳಿದು ನೂಕಿದರು. ಇಳಿಜಾರಿನಲ್ಲಿ ಮಾತ್ರ ಬೇರೆ ತೊಂದರೆ ಬಂದಿತು: ಗಾಲಿಗೆ ಒತ್ತುವ ಮರದ ತುಂಡುಗಳು ಸವೆದುಹೋಗಿ ಗಾಡಿ ನಿಲ್ಲದಾಯಿತು. ದಾರಿಯ ಒಂದು ಊರಿನಲ್ಲಿ ಆಕೆ ಚಮ್ಮಾರನನ್ನು ಕರೆಸಿ ಆ ತುಂಡುಗಳಿಗೆ ತೊಗಲು ಹೊಡೆಯಿಸಿದಳು. ಬ್ರೇಕಿಗೆ ಹೊದಿಕೆ, ಈಗ ನಾವು ಲೈನಿಂಗ್ ಎನ್ನುವುದು, ಮೋಟಾರಿನ ಚರಿತ್ರೆಯೊಳಕ್ಕೆ ಬಂದದ್ದು ಹೀಗೆ. ತವರಿಗೆ ಹೊರಟ ಹೆಂಗಸೊಬ್ಬಳು, ಹೆಸರು ದಾಖಲೆಯಾಗದ ಚಮ್ಮಾರನೊಬ್ಬ, ಇವರಿಬ್ಬರ ಬುದ್ಧಿಯಿಂದ ಆದ ಕೆಲಸವಿದು.

ಅದೇ 1888ರಲ್ಲಿ ಡನ್ಲಪ್ ಎಂಬಾತನು ಗಾಳಿ ತುಂಬಿದ ರಬ್ಬರು ಟೈರಿಗೆ ಪೇಟೆಂಟು ಪಡೆದನು. ಇದರಿಂದ ಸವಾರಿಗೆ ಸುಖವಾಯಿತು, ಬ್ರೇಕಿಗೆ ನೆಲೆ ತಪ್ಪಿತು. ಮರದ ತುಂಡನ್ನು ರಬ್ಬರಿಗೆ ಒತ್ತಿದರೆ ಟೈರು ಉಳಿಯುತ್ತದೆಯೆ? ಹಾಗಾಗಿ ಬ್ರೇಕು ಗಾಲಿಯ ಅಂಚನ್ನು ಬಿಟ್ಟು ಒಳಕ್ಕೆ ಸರಿಯಿತು. ಗಾಲಿಯ ನಡುವಿಗೆ ಡೋಲಿನಂಥ ಒಂದು ಲೋಹದ ಬುರುಡೆಯನ್ನು ಸೇರಿಸಿ, ಅದರ ಸುತ್ತ ಒಂದು ಪಟ್ಟಿಯನ್ನು ಬಿಗಿಯುವುದು ಮೊದಲನೆಯ ಉಪಾಯ. ಹೊರಗಿದ್ದ ಆ ಪಟ್ಟಿಗೆ ಕೆಸರೂ ನೀರೂ ಹತ್ತಿ ಜಾರುತ್ತಿದ್ದಿತು. ಫ್ರಾನ್ಸಿನ ಲೂಯಿ ರೆನೊ 1902ರಲ್ಲಿ ಅದನ್ನು ತಿರುವುಮುರುವು ಮಾಡಿದನು. ಒತ್ತುವ ಎರಡು ಬಾಗಿದ ಶೂಗಳು ಡ್ರಮ್ಮಿನ ಒಳಗೆ ಅಡಗಿದುವು. ಪೆಡಲು ಒತ್ತಿದರೆ ಅವು ಅಗಲಿಕೊಂಡು ಡ್ರಮ್ಮಿನ ಒಳಮೈಯನ್ನು ತಬ್ಬುತ್ತವೆ. ನಮ್ಮ ಅಂಬಾಸಿಡರು ಕಾರು 1957ರಲ್ಲಿ ಬಂದಾಗ ಅದರ ನಾಲ್ಕು ಗಾಲಿಗಳಲ್ಲೂ ಇದ್ದುದು ಈ ಡ್ರಮ್ಮೇ. ಇಂದಿಗೂ ಅನೇಕ ಸಣ್ಣ ಕಾರುಗಳ ಹಿಂದಿನ ಗಾಲಿಗಳಲ್ಲಿ ಅದು ಇದೆ.

ನನ್ನ ಕೀರಲು ದನಿಯ ಮೂಲಪುರುಷ ಸಿಕ್ಕಿದ್ದು ಇಂಗ್ಲೆಂಡಿನಲ್ಲಿ. ಬರ್ಮಿಂಗ್‌ಹ್ಯಾಮಿನ ಫ್ರೆಡರಿಕ್ ಲ್ಯಾಂಚೆಸ್ಟರ್ ಎಂಬ ಮೇಧಾವಿ, ಅದೇ 1902ರಲ್ಲಿ, ಗಾಲಿಯೊಡನೆ ತಿರುಗುವ ಒಂದು ತೆಳುವಾದ ತಟ್ಟೆಯನ್ನು ಎರಡು ಕಡೆಯಿಂದಲೂ ಚಿಮಟದಂತೆ ಹಿಡಿಯುವ ಬ್ರೇಕಿಗೆ ಪೇಟೆಂಟು ಪಡೆದನು. ಡಿಸ್ಕ್ ಬ್ರೇಕ್ ಎಂದು ನಾವು ಇಂದು ಹೊಸದೆಂಬಂತೆ ಹೊಗಳುವುದು ಇದನ್ನೇ. ಚಿಮಟದ ಬಾಯಿಗೆ ಆತ ಹಾಕಿದ್ದು ತಾಮ್ರ. ಲೋಹದ ಮೇಲೆ ಲೋಹ ಉಜ್ಜಿದಾಗ ಆ ಕಾರುಗಳಿಂದ ಹೊರಟ ಚೀತ್ಕಾರ ಸಹಿಸಲಸಾಧ್ಯವಾಗಿದ್ದಿತಂತೆ. ಧೂಳಿನ ರಸ್ತೆಗಳಲ್ಲಿ ತಾಮ್ರವೂ ಬೇಗ ಬೇಗ ಸವೆಯುತ್ತಿದ್ದಿತು. ಉಪಾಯವೇನೋ ಸರಿಯಾದದ್ದು, ಒತ್ತಿ ಹಿಡಿಯತಕ್ಕ ಪದಾರ್ಥ ಮಾತ್ರ ಸಿಕ್ಕಿರಲಿಲ್ಲ.

ಆ ಪದಾರ್ಥವನ್ನು ಕೊಟ್ಟವನು ಹರ್ಬರ್ಟ್ ಫ್ರೂಡ್. ಡರ್ಬಿಶೈರಿನ ಗುಡ್ಡಗಾಡಿನಲ್ಲಿ ವಾಸವಾಗಿದ್ದ ಆತ, ಇಳಿಜಾರಿನಲ್ಲಿ ಕುದುರೆಗಾಡಿಯವರು ಮರದ ಬ್ರೇಕಿಗೆ ಹಳೆಯ ಬೂಟಿನ ತೊಗಲನ್ನು ಸೇರಿಸುವುದನ್ನು ಕಂಡು ಯೋಚನೆಗೆ ತೊಡಗಿದನೆಂದು ಹೇಳುತ್ತಾರೆ. 1897ರಲ್ಲಿ ಬ್ರೇಕಿನ ಹೊದಿಕೆಗಳನ್ನು ಮಾಡುವ ಉದ್ಯಮವನ್ನೇ ಆರಂಭಿಸಿದನು. ತನ್ನ ಹೆಸರಿನ ಅಕ್ಷರಗಳನ್ನು ಹಿಂದು ಮುಂದು ಮಾಡಿ, ಹೆಂಡತಿ ಎಲಿಜಬೆತ್ತಳ ಹೆಸರಿನ ಮೊದಲಕ್ಷರವನ್ನು ಸೇರಿಸಿ ‘ಫೆರೋಡೊ’ ಎಂಬ ಹೆಸರು ಕಟ್ಟಿದನಂತೆ. ನಮ್ಮ ಚಿತ್ರಕವಿಗಳು ಕೇಳಿದ್ದರೆ ತಲೆದೂಗುತ್ತಿದ್ದರು. ಮೊದಲು ಹತ್ತಿಯ ನೂಲಿನಿಂದ ನೇಯ್ದ ಹೊದಿಕೆಗಳನ್ನು ಮಾಡುತ್ತಿದ್ದವನು 1907-08ರ ಸುಮಾರಿಗೆ ಬಿಸಿಗೆ ಸುಡದ ಒಂದು ನಾರನ್ನು ಹಿಡಿದನು. ಅದೇ ಅಸ್‌ಬೆಸ್ಟಾಸ್. ಚೀತ್ಕಾರ ಅಡಗಿತು. ಮುಂದೆ ಸುಮಾರು ಮುಕ್ಕಾಲು ಶತಮಾನ ಪ್ರಪಂಚದ ಬ್ರೇಕುಗಳೆಲ್ಲ ಬಹುಮಟ್ಟಿಗೆ ಆ ನಾರನ್ನು ನಂಬಿ ನಡೆದುವು.

ಬ್ರೇಕು ಕೂಗುವುದಾದರೂ ಏಕೆ? ವಾಚಕರು ಆಕಾಶವಾಣಿಯಲ್ಲಿ ಪಿಟೀಲು ಕೇಳುವವರು. ಆದುದರಿಂದ ಸುಲಭವಾಗಿ ತಿಳಿಯುತ್ತದೆ. ರಾಳ ತೀಡಿದ ಕಮಾನು ತಂತಿಯನ್ನು ಹಿಡಿದು ತನ್ನೊಡನೆ ಸ್ವಲ್ಪ ದೂರ ಎಳೆದೊಯ್ಯುತ್ತದೆ; ಎಳೆತ ಮಿತಿ ಮೀರಿದಾಗ ತಂತಿ ಜಾರಿ ಹಿಂದಕ್ಕೆ ಚಿಮ್ಮುತ್ತದೆ; ಒಡನೆಯೇ ಕಮಾನು ಮತ್ತೆ ಹಿಡಿಯುತ್ತದೆ. ಹಿಡಿತ, ಜಾರು, ಹಿಡಿತ, ಜಾರು: ಒಂದು ಸೆಕೆಂಡಿಗೆ ನೂರಾರು ಸಲ. ಜರ್ಮನಿಯ ಹೆಲ್ಮ್‌ಹೋಲ್ಟ್ಸ್ ಎಂಬ ವಿದ್ವಾಂಸನು 19ನೆಯ ಶತಮಾನದಲ್ಲಿಯೇ ಇದನ್ನು ವಿವರಿಸಿದ್ದಾನೆ. ನಿಂತ ವಸ್ತುವನ್ನು ಕದಲಿಸುವಾಗಿನ ಘರ್ಷಣೆ ಹೆಚ್ಚು, ಜಾರುತ್ತಿರುವಾಗಿನದು ಕಡಮೆ ಎಂಬುದೇ ಇದರ ಬೀಜ. ಬ್ರೇಕಿನಲ್ಲಿ ಹೊದಿಕೆಯೇ ಕಮಾನು, ತಟ್ಟೆಯೇ ತಂತಿ. ನಡುಕ ಸೆಕೆಂಡಿಗೆ ಸಾವಿರ ಸಲಕ್ಕೂ ಮೇಲೇರಿದಾಗ ಅದು ಕಿವಿಯನ್ನು ಇರಿಯುತ್ತದೆ. ಪಕ್ಕದ ಮನೆಯವರ ಎಣ್ಣೆಯ ಸಲಹೆ ಎಷ್ಟು ಅಪಾಯವಾದದ್ದೆಂದು ಈಗ ತಿಳಿಯಿತಷ್ಟೆ? ಗಾಡಿಯ ಅಚ್ಚಿಗೆ ಕೀಲೆಣ್ಣೆ ಹಾಕುವುದು ಜಾರಲಿ ಎಂದು. ಬ್ರೇಕು ಇರುವುದೇ ಜಾರದಿರಲಿ ಎಂದು. ಎಣ್ಣೆ ಬಿಟ್ಟರೆ ಕೂಗು ನಿಲ್ಲುವುದೇನೋ ನಿಜ, ಕಾರು ನಿಲ್ಲುವುದಿಲ್ಲ.

ಮಧ್ಯದ ಕಥೆಯನ್ನು ಚುಟುಕಾಗಿ ಹೇಳಿಬಿಡುತ್ತೇನೆ. ಹಿಂದಿನ ಎರಡು ಗಾಲಿಗೆ ಮಾತ್ರ ಇದ್ದ ಬ್ರೇಕು 1920ರ ದಶಕದಲ್ಲಿ ನಾಲ್ಕಕ್ಕೂ ಹಬ್ಬಿತು. ಆಗ ಇಂಗ್ಲೆಂಡಿನಲ್ಲಿ ಅಂಥ ಕಾರಿನ ಬೆನ್ನಿಗೆ ಕೆಂಪು ತ್ರಿಕೋನವೊಂದನ್ನು ಹಚ್ಚುತ್ತಿದ್ದರಂತೆ, ಹಿಂದೆ ಬರುವವನೇ ಎಚ್ಚರ, ಇದು ಬೇಗ ನಿಲ್ಲುತ್ತದೆ ಎಂದು. ಸಲಾಕಿ ತಂತಿಗಳಿಂದ ಎಳೆದಾಗ ಒಂದು ಗಾಲಿಗೆ ಹೆಚ್ಚು, ಇನ್ನೊಂದಕ್ಕೆ ಕಡಮೆ ಬಿಗಿತ ಬರುತ್ತಿದ್ದಿತು. ಮುಚ್ಚಿದ ಕೊಳವೆಯ ದ್ರವ ಒತ್ತಡವನ್ನು ಎಲ್ಲ ಕಡೆಗೂ ಸಮವಾಗಿ ಹಂಚುತ್ತದೆಂಬ 17ನೆಯ ಶತಮಾನದ ಪಾಸ್ಕಲನ ನಿಯಮವನ್ನು ಅಮೆರಿಕದ ಮಾಲ್ಕಂ ಲಾಕ್‌ಹೀಡ್ ಬ್ರೇಕಿಗೆ ಹಚ್ಚಿದನು. 1921ರ ಡ್ಯೂಸೆನ್‌ಬರ್ಗ್ ಕಾರಿಗೆ ನಾಲ್ಕು ಗಾಲಿಯ ದ್ರವಬ್ರೇಕು ಬಂದಿತು. ಲ್ಯಾಂಚೆಸ್ಟರನ ಮರೆತ ತಟ್ಟೆ 1953ರಲ್ಲಿ ಫ್ರಾನ್ಸಿನ ಲ ಮಾನ್ ಪಂದ್ಯವನ್ನು ಗೆದ್ದ ಜಾಗ್ವಾರ್ ಕಾರಿನಲ್ಲಿ ಮತ್ತೆ ಬೆಳಕಿಗೆ ಬಂದಿತು; 1955ರಲ್ಲಿ ಸಿಟ್ರೊಯೆನ್ ಡಿ.ಎಸ್. ಕಾರಿನ ಮುಂದಿನ ಗಾಲಿಗಳಲ್ಲಿ ಮನೆಮಂದಿಯ ಬಳಕೆಗೆ ಇಳಿಯಿತು. ಡ್ರಮ್ಮು ಕಾದಾಗ ಹಿಗ್ಗಿ ಶೂಗಳಿಂದ ದೂರ ಸರಿಯುತ್ತದೆ, ಹಿಡಿತ ಸಡಿಲುತ್ತದೆ. ತಟ್ಟೆ ಗಾಳಿಗೆ ತೆರೆದುಕೊಂಡು ಬೇಗ ಆರುತ್ತದೆ. ಘಾಟಿ ಇಳಿಯುವವರಿಗೆ ಈ ವ್ಯತ್ಯಾಸ ದೊಡ್ಡದು.

ಇನ್ನು ಆ ನಾರಿನ ವಿಚಾರ. ಕನ್ನಡದಲ್ಲಿ ಅದಕ್ಕೆ ‘ಕಲ್ನಾರು’ ಎಂಬ ಸೊಗಸಾದ ಹೆಸರಿದೆ: ಕಲ್ಲಿನ ನಾರು. ನಮ್ಮ ಹೊಳೆನರಸೀಪುರದ ಕಡೆಯ ಬಂಡೆಗಳಲ್ಲಿಯೂ ಕಲ್ನಾರು ಇದೆ. ಗ್ರೀಕರ ಮಾತಿನಲ್ಲಿ ಅಸ್‌ಬೆಸ್ಟಾಸ್ ಎಂದರೆ ಆರದುದು, ನಂದದುದು. ಎರಡು ಹೆಸರಿನಲ್ಲಿಯೂ ಗುಣವಿದೆ. ದೋಷ ಒಂದರಲ್ಲಿಯೂ ಇಲ್ಲ. ಇಂಗ್ಲೆಂಡಿನ ರಾಕ್‌ಡೇಲಿನಲ್ಲಿ ಕಲ್ನಾರು ನೂಲುವ ಗಿರಣಿಯಲ್ಲಿ ದುಡಿಯುತ್ತಿದ್ದ ನೆಲ್ಲಿ ಕರ್ಷಾ ಎಂಬಾಕೆ 1924ರಲ್ಲಿ, ಮೂವತ್ತಮೂರರ ವಯಸ್ಸಿನಲ್ಲಿ, ಉಸಿರುಕಟ್ಟಿ ತೀರಿಕೊಂಡಳು. ವಿಲಿಯಂ ಕುಕ್ ಎಂಬ ವೈದ್ಯನು ಆಕೆಯ ಪುಪ್ಫುಸವನ್ನು ಪರೀಕ್ಷಿಸಿ ಒಳಗೆ ನೆಟ್ಟಿದ್ದ ಖನಿಜದ ಚೂರುಗಳನ್ನು ಕಂಡು ಅದೇ ವರ್ಷ ಪ್ರಕಟಿಸಿದನು. ಮೌನವಾದ ಬ್ರೇಕಿನ ಧೂಳು ಎಲ್ಲಿಗೆ ಹೋಗುತ್ತಿದೆ ಎಂದು ಕೇಳಲು ಪ್ರಪಂಚಕ್ಕೆ ಆ ಬಳಿಕವೂ ದಶಕಗಳೇ ಹಿಡಿದುವು. ಬ್ರಿಟನ್ನಿನಲ್ಲಿ ಬಿಳಿಯ ಕಲ್ನಾರಿಗೆ ಪೂರ್ಣ ನಿಷೇಧ ಬಂದದ್ದು 1999ರಲ್ಲಿ. ನಮ್ಮ ಸುಪ್ರೀಂ ಕೋರ್ಟು 1995ರಲ್ಲಿ ಕಲ್ನಾರಿನ ಕಾರ್ಮಿಕರ ಆರೋಗ್ಯದ ದಾಖಲೆ, ವಿಮೆ ಇವನ್ನು ಕುರಿತು ಆಜ್ಞೆ ಮಾಡಿತು.

ಕಲ್ನಾರನ್ನು ಬಿಟ್ಟ ಮೇಲೆ ಹೊದಿಕೆಗೆ ಉಕ್ಕಿನ ಎಳೆ, ಲೋಹದ ಪುಡಿ, ರಾಳ ಮುಂತಾದುವನ್ನು ಬೆರೆಸತೊಡಗಿದರು. ಹಿಡಿತ ಒಳ್ಳೆಯದು, ಬಿಸಿಯನ್ನೂ ತಾಳುತ್ತದೆ. ಆದರೆ ಲೋಹ ಹೆಚ್ಚಾದ ಹೊದಿಕೆ ಗಡಸು, ಗಡಸಾದದ್ದು ಹಾಡುತ್ತದೆ. ಫ್ರೂಡ್ ಅಡಗಿಸಿದ ಲ್ಯಾಂಚೆಸ್ಟರನ ಚೀತ್ಕಾರ ಹೀಗೆ ಸಣ್ಣ ರೂಪದಲ್ಲಿ ಮರಳಿ ಬಂದಿದೆ. ಬೆಳಗಿನ ಮಂಜಿನಲ್ಲಿ ನಿಂತ ಕಾರು ಮೊದಲ ಎರಡು ಮೂರು ಬ್ರೇಕಿಗೆ ಕೀಚೆಂದು ಆಮೇಲೆ ಸುಮ್ಮನಾದರೆ ಅದು ತಟ್ಟೆಯ ಮೇಲಿನ ರಾತ್ರಿಯ ತುಕ್ಕು ಉಜ್ಜಿಹೋದ ಸದ್ದು, ಅದಕ್ಕೆ ಹೆದರಬೇಕಾದುದಿಲ್ಲ.

ನನ್ನ ಕಾರನ್ನು ಲಾರಿಯ ಮೇಲೆ ಹೇರಿಸಿ ಊರಿಗೆ ತಂದು ಹಳೆಯ ಶಿಷ್ಯನೊಬ್ಬನ ಷೆಡ್ಡಿನಲ್ಲಿ ಬಿಟ್ಟೆ. ಶಾಲೆಯಲ್ಲಿ ಅವನು ವ್ಯಾಕರಣದ ಪಿರಿಯಡ್ಡಿನಲ್ಲಿ ತೂಕಡಿಸುತ್ತಿದ್ದವನು. “ಶಬ್ದ ಹೇಗಿತ್ತು ಹೇಳಿ ಮೇಷ್ಟ್ರೇ, ಬಾಯಲ್ಲೇ ಮಾಡಿ ತೋರಿಸಿ” ಎಂದ. ನಾನು ನಾಚಿಕೆ ಬಿಟ್ಟು ಕೀರಿ ತೋರಿಸಿದೆ. ಒತ್ತಿದಾಗ ಬರುತ್ತಿತ್ತೋ ಬಿಟ್ಟಾಗ ಬರುತ್ತಿತ್ತೋ? ಬಿಟ್ಟು ಓಡಿಸುವಾಗ ಬರುತ್ತಿತ್ತು, ಒತ್ತಿದರೆ ನಿಲ್ಲುತ್ತಿತ್ತು ಎಂದೆ. ಅವನು ತಲೆಗೆ ಕೈ ಹಚ್ಚಿಕೊಂಡ. ಪ್ಯಾಡಿನ ಅಂಚಿನಲ್ಲಿ ಒಂದು ಸಣ್ಣ ಉಕ್ಕಿನ ನಾಲಗೆಯನ್ನು ಬೇಕೆಂದೇ ಇಟ್ಟಿರುತ್ತಾರಂತೆ. ಹೊದಿಕೆ ಎರಡು ಮೂರು ಮಿಲಿಮೀಟರಿಗೆ ಸವೆದಾಗ ಆ ನಾಲಗೆ ತಟ್ಟೆಗೆ ತಗುಲಿ ಕೀರತೊಡಗುತ್ತದೆ. ಬ್ರೇಕು ಒತ್ತಿದರೆ ಅದರ ನಡುಕ ಅದುಮಿಹೋಗಿ ಸದ್ದು ನಿಲ್ಲುವುದುಂಟು. ಎರಡು ತಿಂಗಳು ಅದು ನನಗೆ ಹೇಳುತ್ತಿದ್ದುದು ‘ಹೊದಿಕೆ ಮುಗಿಯಿತು, ಬದಲಾಯಿಸು’ ಎಂಬ ಸ್ಪಷ್ಟವಾದ ವಾಕ್ಯವನ್ನು. ಆಗುಂಬೆಯಲ್ಲಿ ಹೊದಿಕೆ ಪೂರ್ತಿ ತೀರಿ, ಅದರ ಬೆನ್ನಿನ ಉಕ್ಕಿನ ಹಲಗೆಯೇ ತಟ್ಟೆಯನ್ನು ಅರೆಯಿತು. ಒಳಗಡೆಯ ಪ್ಯಾಡು ಮಾತ್ರ ಹೀಗೆ ತೀರಿ ಹೊರಗಡೆಯದು ಅರ್ಧ ಉಳಿದಿದ್ದಿತು. ಚಿಮಟ ಆಚೀಚೆ ಸರಿಯಬೇಕಾದ ಪಿನ್ನುಗಳಿಗೆ ತುಕ್ಕು ಹಿಡಿದು ಅದು ಒಂದೇ ಕಡೆ ಕಚ್ಚಿಕೊಂಡಿದ್ದುದೇ ಕಾರಣ.

ಕೇಶಿರಾಜನು 13ನೆಯ ಶತಮಾನದಲ್ಲಿ ಶಬ್ದಮಣಿದರ್ಪಣವನ್ನು ಬರೆಯುವಾಗ ಅನುಕರಣದ ಮಾತುಗಳಿಗೂ ಸ್ಥಳ ಕೊಟ್ಟಿದ್ದಾನೆ. ನಾನು ಅದನ್ನು ಮಕ್ಕಳಿಗೆ ‘ಧ್ವನಿಯನ್ನು ಅನುಕರಿಸುವ ಅವ್ಯಯ’ ಎಂದು ಉರು ಹಾಕಿಸಿದವನು; ಅದರಿಂದಲೇ ಹೊಟ್ಟೆ ಹೊರೆಯುವವನು ನನ್ನ ಶಿಷ್ಯ. ಕೀರಲು ಬೇರೆ, ಗರಗರ ಬೇರೆ ಎಂದು ಅವನು ವಿವರಿಸಿದ. ಒತ್ತಿದಾಗ ಮಾತ್ರ ಕೀಚೆಂದರೆ ಹೊದಿಕೆಯ ಮೈ ಕಾದು ಗಾಜಿನಂತೆ ನುಣುಪಾಗಿರಬಹುದು, ಇಲ್ಲವೆ ಗಡಸು ಮಾಲಿರಬಹುದು. ಗರಗರ ಎಂದರೆ ಅಲ್ಲಿಯೇ ನಿಲ್ಲಿಸತಕ್ಕದ್ದು. ಸದ್ದಿಲ್ಲದೆ ಪೆಡಲು ಪಾದದಡಿ ಅದುರಿದರೆ ತಟ್ಟೆಯ ದಪ್ಪ ಏರುಪೇರಾಗಿದೆ. ಹಿಂದಿನ ಡ್ರಮ್ಮಿನಿಂದ ಕಿರುಗುಟ್ಟಿದರೆ ಧೂಳು ತುಂಬಿರಬಹುದು, ಅಥವಾ ಶೂಗಳ ಅಂಚು ಹಿಂದಿನ ತಗಡಿಗೆ ಒರಗುವ ಜಾಗ ಒಣಗಿರಬಹುದು. ಅಲ್ಲಿಗೆ ಮಾತ್ರ, ಬಿಸಿಗೆ ಕರಗದ ಗ್ರೀಸನ್ನು ಎಳ್ಳಿನಷ್ಟು ಸವರಬಹುದು, ಹೊದಿಕೆಗೆ ಸೋಕಬಾರದು. ಕಾರು ಒಂದು ಕಡೆಗೆ ಎಳೆದರೆ ಸದ್ದು ಇರಲಿ ಬಿಡಲಿ ತಡಮಾಡಬಾರದು.

ಮಾತನಾಡುತ್ತಲೇ ಅವನು ಹಿಂದಿನ ಡ್ರಮ್ಮನ್ನು ಬಿಚ್ಚಿದ. ಒಳಗೆ ಕಪ್ಪು ಹಿಟ್ಟಿನಂಥ ಧೂಳು. ಗಾಳಿಯ ಪೈಪನ್ನು ಎತ್ತಿ ಒಮ್ಮೆ ಊದಿಯೇಬಿಟ್ಟ. ಧೂಳು ಮೋಡದಂತೆ ಎದ್ದು, ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕುಳಿತು ಬೋಲ್ಟುಗಳನ್ನು ಆರಿಸುತ್ತಿದ್ದ ಅವನ ಮಗನ ಮುಖದ ಮೇಲೆ ಇಳಿಯಿತು. ಹುಡುಗ ಕೆಮ್ಮಿ, ತೋಳಿನಿಂದ ಮೂಗೊರಸಿಕೊಂಡು, ಕೆಲಸ ಮುಂದುವರಿಸಿದ. ರಜೆಯಲ್ಲಿ ಕೆಲಸ ಕಲಿಯಲು ಬಂದವನು. ಒಂಬತ್ತನೆಯ ತರಗತಿಯಲ್ಲಿ ನನ್ನ ಬೆಂಚಿನವನೇ. ಹದಿನೈದು ವರ್ಷದ ಕಾರಿಗೆ ಯಾವ ಕಾಲದಲ್ಲಿ ಯಾರು ಎಂಥ ಶೂ ಹಾಕಿದ್ದರೋ, ಆ ಧೂಳಿನಲ್ಲಿ ಏನಿದ್ದಿತೋ, ನೋಡಿ ಹೇಳುವವರು ಯಾರು? ನಾನು ಪೈಪನ್ನು ಕೆಳಗಿಡಿಸಿ, ರಾಕ್‌ಡೇಲಿನ ಗಿರಣಿಯ ಕಥೆಯನ್ನು ಹೇಳಿದೆ. ಶಾಲೆಯಲ್ಲಿ ಎಂದೂ ಹೀಗೆ ಎಚ್ಚರವಾಗಿದ್ದು ಕೇಳಿದವನಲ್ಲ. “ನಮ್ಮಪ್ಪನೂ ಮೂವತ್ತು ವರ್ಷ ಹೀಗೇ ಊದಿದ್ದು ಮೇಷ್ಟ್ರೇ” ಎಂದಷ್ಟೇ ಹೇಳಿ, ಮಗನನ್ನು ಹೊರಕ್ಕೆ ಕಳುಹಿಸಿ, ತಾನು ಮುಖಕ್ಕೆ ಬಟ್ಟೆ ಕಟ್ಟಿಕೊಂಡು, ಒದ್ದೆ ಬಟ್ಟೆಯಿಂದ ಡ್ರಮ್ಮನ್ನು ಒರಸಿದ. ಮುಖಕ್ಕೆ ಕಟ್ಟಿದ ಬರಿಯ ಬಟ್ಟೆ ಇಷ್ಟು ಸಣ್ಣ ನಾರನ್ನು ತಡೆಯುವುದಿಲ್ಲವೆಂದೂ, ಅದಕ್ಕೆಂದೇ ಮಾಡಿದ ಮುಸುಕು ಬೇಕೆಂದೂ, ಒರಸಿದ ಬಟ್ಟೆ ಒಣಗುವ ಮೊದಲೇ ಅದನ್ನು ಚೀಲದಲ್ಲಿ ಕಟ್ಟಬೇಕೆಂದೂ ಮರುದಿನ ಹೋಗಿ ಹೇಳಿದೆ. ಮುಸುಕುಗಳನ್ನು ನಾನೇ ತಂದುಕೊಟ್ಟೆ.

ಮುಂದಿನ ಎರಡು ಗಾಲಿಗೂ ಹೊಸ ಪ್ಯಾಡು ಬಂದಿತು. ಒಂದೇ ಕಡೆ ಬದಲಾಯಿಸಬಾರದಂತೆ. ಅರೆದುಹೋದ ತಟ್ಟೆಯನ್ನು ಕಡೆಯಿಸಿದರೆ ಅದರ ಮೇಲೆ ಅಚ್ಚೊತ್ತಿದ ಕನಿಷ್ಠ ದಪ್ಪಕ್ಕಿಂತ ತೆಳುವಾಗುತ್ತಿದ್ದುದರಿಂದ ತಟ್ಟೆಗಳೂ ಜೋಡಿಯಾಗಿಯೇ ಹೊಸವು. ಪಿನ್ನುಗಳ ತುಕ್ಕು ತೆಗೆದು ಗ್ರೀಸು ಹಚ್ಚಿದ. ಬ್ರೇಕಿನ ಎಣ್ಣೆ ಗಾಳಿಯ ತೇವವನ್ನು ಹೀರಿಕೊಳ್ಳುವ ಜಾತಿಯದು, ಅದನ್ನೂ ಬದಲಾಯಿಸಿದ. ಹೊಸ ಪ್ಯಾಡು ತಟ್ಟೆಗೆ ಹೊಂದಿಕೊಳ್ಳುವವರೆಗೆ, ಮೊದಲ ಇನ್ನೂರು ಮುನ್ನೂರು ಕಿಲೋಮೀಟರು ಮೆಲ್ಲಗೆ ಒತ್ತಿ ಓಡಿಸಬೇಕೆಂದು ಹೇಳಿ ಕೀಲಿಕೈ ಕೊಟ್ಟ.

ಈ ಬೇಸಗೆಯಲ್ಲಿ ಮತ್ತೆ ಆಗುಂಬೆಯನ್ನು ಇಳಿದೆವು. ಏರುವುದಕ್ಕೆ ಬೇಕಾಗುವ ಗೇರಿನಲ್ಲಿಯೇ ಇಳಿಯಬೇಕೆಂಬ ಹಳೆಯ ಡ್ರೈವರುಗಳ ಮಾತನ್ನು ಈ ಸಲ ಪಾಲಿಸಿದೆ. ತಾಯಿ ಮುಂದಿನ ಸೀಟಿನಲ್ಲಿ, ಕಿಟಕಿಯ ಗಾಜನ್ನು ಪೂರ್ತಿ ಇಳಿಸಿಕೊಂಡು, ಹದಿನಾಲ್ಕು ತಿರುವಿನ ಉದ್ದಕ್ಕೂ ಗಾಲಿಯ ಕಡೆಗೆ ಕಿವಿಯಿಟ್ಟೇ ಕುಳಿತಿದ್ದರು.